ಬೇವಿನ ತೊಪ್ಪಲು ಕಟ್ಟಿದ ಬಾಗಿಲು

ಶಿಗ್ಗಾವಿ ತಾಲೂಕಿನ ನಾಲ್ಕಾರು ಹಳ್ಳಿಗಳಲ್ಲಿ ಜಯಶ್ರೀ ಸಿಸ್ಟರ್ ಮೇಲೆ ಈಗ ಒಂದು ದೂರಿದೆ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದ ಮನೆ ಕಂಡರೆ ಊರವರೆಲ್ಲ ಕೈಮುಗಿದು ಆಚೆಯಿಂದಲೇ ಹಾದು ಹೋಗುತ್ತಾರೆ. ಈಕೆ ಮಾತ್ರ ಸ್ಕೂಟಿ ನಿಲ್ಲಿಸಿ ಸೀದಾ ಒಳಗೆ ನುಗ್ಗುತ್ತಾಳೆ. ಬೇವು ಕಟ್ಟಿದ್ದಾರೆಂದರೆ ಒಳಗೆ ಯಾರಿಗೋ ಮೈಮೇಲೆ ನೀರುಗುಳ್ಳೆ ಎದ್ದಿವೆ, ಅಂದರೆ ದೇವಿ ಅವ್ವ ಬಂದಿದ್ದಾಳೆ ಎಂದರ್ಥ. ಅವ್ವ ಇರುವಷ್ಟು ದಿನ ಆ ಮನೆಗೆ ಹೊರಗಿನವರು ಕಾಲಿಡಬಾರದು, ಒಲೆಯ ಮೇಲೆ ಒಗ್ಗರಣೆ ಸಿಡಿಯಬಾರದು, ಔಷಧದ ಹೆಸರೆತ್ತಬಾರದು.

"ನರ್ಸಬಾಯಿಗೆ ಸೊಕ್ಕು ಬಂದೈತಿ. ಸರಕಾರಿ ಪಗಾರ ತಿಂದು ದೇವರ ಮ್ಯಾಲೇನ ಏರಿ ಹೊಂಟಾಳ" ಎಂದು ಮುದುಕಿಯರು ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುತ್ತಾರೆ.

ಸೊಕ್ಕಲ್ಲ ಅದು. ಸೊಕ್ಕಿನವರು ಒಳಗೆ ಹೋಗುವ ಮುಂಚೆ ಹೊಸ್ತಿಲ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುವುದಿಲ್ಲ. ಆಡಿಕೊಳ್ಳುವವರಿಗೆ ಅದು ಕಾಣುವುದಿಲ್ಲ, ಕಂಡರೂ ಅವರಿಗೆ ಬೇಕಾಗಿಲ್ಲ.

ಜಯಶ್ರೀಯ ತವರು ಹಿರೇಕೆರೂರು ತಾಲೂಕಿನ ಮಾಸೂರು. ತಾಯಿ ಗುತ್ತೆವ್ವ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು ಮಗಳನ್ನು ಓದಿಸಿದವಳು. ಕೂಲಿ ಕೊಡುವ ಮನೆಯವರು ಗುತ್ತೆವ್ವನನ್ನು ಕಟ್ಟೆ ಹತ್ತಿಸುತ್ತಿರಲಿಲ್ಲ, ಕುಲ ಹಾಗಿತ್ತು. ಮಗಳು ಬಿಳಿ ಸೀರೆ ಉಟ್ಟು ನರ್ಸ್ ಆಗಿ ಬಂದ ದಿನ ಗುತ್ತೆವ್ವ ಒಂದೇ ಮಾತು ಹೇಳಿದ್ದಳು: "ಕರದ ಮನಿಗಿ ಹೋಗವಾ. ಕರೀಲಾರದ ಹೊಸ್ತಿಲಾ ದಾಟಬ್ಯಾಡ." ತಾಯಿ ಹೇಳಿದ ಬುದ್ಧಿಮಾತುಗಳಲ್ಲಿ ನೂರನ್ನು ಮರೆತರೂ ಇದೊಂದು ಜಯಶ್ರೀಯ ಕಾಲಿನಲ್ಲೇ ಉಳಿದುಬಿಟ್ಟಿತು.

ಕೆಲಸ ಮೊದಲು ಹಾನಗಲ್ ಕಡೆ, ಆಮೇಲೆ ಶಿಗ್ಗಾವಿ ಕಡೆ. ಗಂಡ ಮಾರೆಪ್ಪ ಬಸ್ ಕಂಡಕ್ಟರ್. ಹಾನಗಲ್ಲಿನಲ್ಲಿದ್ದಾಗ ಮಗ ಫಕ್ಕೀರೇಶನಿಗೆ ಅವ್ವ ಬಂದಳು. ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚುವ ಜಯಶ್ರೀ ಸರಕಾರಿ ಕ್ವಾರ್ಟರ್ಸಿನ ಬಾಗಿಲಿಗೆ ಬೇವು ಕಟ್ಟಿ, ಮನೆಯ ಮಾತ್ರೆಗಳನ್ನೆಲ್ಲ ಟ್ರಂಕಿನಲ್ಲಿಟ್ಟು, ಮಗನಿಗೆ ಮೊಸರನ್ನ ಉಣ್ಣಿಸಿ ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತ ಕುಳಿತಳು. "ಹೇಳೋದು ಆಚಾರ, ತಿನ್ನೋದು ಬದನಿಕಾಯಿ" ಎಂದು ಮಾರೆಪ್ಪ ನಕ್ಕ. ಗಟ್ಟಿಮುಟ್ಟಾದ ಹುಡುಗನಿಗೆ ತಾನಾಗಿ ಬಂದ ಕಾಯಿಲೆ ತಾನಾಗಿ ಹೋಯಿತು. ಜಯಶ್ರೀ ಮೊಸರನ್ನದ ಎಡೆ ಇಟ್ಟು, ಊರಾಚೆಯ ಬೇವಿನ ಮರಕ್ಕೆ ಕೈಮುಗಿದು ಬಂದಳು. ಅವ್ವ ಮರ್ಯಾದೆ ಕೊಟ್ಟವರ ಕೈ ಬಿಡುವುದಿಲ್ಲ ಎಂದು ಆಕೆ ನಂಬಿದಳು.

ದಾನೇಶ್ವರಿ ಎಂಬ ಹುಡುಗಿ ಆಕೆಯ ಬದುಕಿನಲ್ಲಿ ಬಂದದ್ದು ಇದಾಗಿ ಬಹಳ ವರ್ಷಗಳ ಮೇಲೆ. ಹಿರೇಬೆಂಡಿಗೇರಿಯ ಆಚೆಗಿನ ಊರೊಂದರಲ್ಲಿ, ನಾಲ್ಕು ಎತ್ತಿನ ಒಕ್ಕಲುತನದ ಲಿಂಗವಂತರ ಮನೆ. ಹುಡುಗಿಯನ್ನು ಎಲ್ಲರೂ ದಾನಿ ಎನ್ನುತ್ತಿದ್ದರು. ಆಗ ಅವಳಿಗೆ ಏಳು ವರ್ಷ. ಒಂದು ಮುಂಜಾನೆ ಅವಳ ತಾಯಿ ಸುಧಾರಾಣಿ ಫೋನ್ ಮಾಡಿ, ಯಾರೋ ಕೇಳಿಸಿಕೊಂಡಾರು ಎಂಬಂತೆ ಸಣ್ಣ ದನಿಯಲ್ಲಿ, "ಸಿಸ್ಟರ್, ನಮ್ಮ ದಾನಿ ದೊಡ್ಡಾಕಿ ಆಗ್ಯಾಳ್ರಿ. ನನಗ ಭಾಳ ಅಂಜಿಕಿ ಆಗಾಕತ್ತೈತಿ. ಒಮ್ಮೆ ಬಂದು ಹೋಗ್ರಿ" ಎಂದಳು.

ಜಯಶ್ರೀ ಹೋದಾಗ ಮನೆಯಲ್ಲಿ ಹಬ್ಬದ ಗದ್ದಲ. ಹುಡುಗಿ ಮೈನೆರೆದರೆ ಈ ಕಡೆ ಸೋದರಮಾವ ಹಸಿರು ಸೀರೆ, ಒಣಕೊಬ್ಬರಿ ತರುತ್ತಾನೆ, ಮುತ್ತೈದೆಯರು ಸೇರಿ ಕೂಡಿಸಿ ಆರತಿ ಮಾಡುತ್ತಾರೆ. ದಾನಿಯ ಮಾವ ಚನ್ನೇಶ ಆಗಲೇ ಸವಣೂರಿನಿಂದ ಸೀರೆ, ಕೊಬ್ಬರಿ, ತನ್ನ ತೋಟದ ವೀಳ್ಯದೆಲೆಯ ಕಟ್ಟು ತಂದು ಇಳಿಸಿದ್ದ. ಅಜ್ಜಿ ಸರೋಜವ್ವ ಅಂಟಿನುಂಡೆ ಕಟ್ಟುತ್ತಿದ್ದಳು. ಆ ಗದ್ದಲದ ಮೂಲೆಯಲ್ಲಿ, ಚಾಪೆಯ ಮೇಲೆ ಒಬ್ಬಳನ್ನೇ ಕೂಡಿಸಿದ್ದ ದಾನಿ ಐದು ಕಲ್ಲಿಟ್ಟುಕೊಂಡು ಆಣೆಕಲ್ಲು ಆಡುತ್ತಿದ್ದಳು. ವಯಸ್ಸಿಗೆ ಮೀರಿದ ಎತ್ತರ, ಮುಖ ಮಾತ್ರ ಹಾಲುಹಲ್ಲು ಬಿದ್ದ ಕೂಸಿನದು.

"ಸಿಸ್ಟರ್, ನಾ ಇನ್ನ ಸಾಲಿಗಿ ಹೋಗಬಾರದಂತ" ಎಂದಳು ದಾನಿ. "ಹೋದ್ರೂ ನನಗ ಬೋರ್ಡ್ ಕಾಣೂದಿಲ್ಲ ಬಿಡ್ರಿ. ತಲಿ ನೋಯ್ತೈತಿ."

ಮಗು ಹೊತ್ತಿಗೆ ಮುಂಚೆ ನೆರೆಯುವುದೇ ಒಂದು ಲಕ್ಷಣ. ಅದರ ಜೊತೆ ತಲೆನೋವು, ಕಣ್ಣು ಮಂಜು ಸೇರಿದರೆ ತಡಮಾಡಬಾರದೆಂದು ಜಯಶ್ರೀಗೆ ಗೊತ್ತಿತ್ತು. ಆದರೆ ಹೇಳುವುದು ಯಾರಿಗೆ? ಪಡಸಾಲೆಯ ಅಂಚಿನಲ್ಲೇ ಆಕೆಯನ್ನು ಕೂಡಿಸಿ, ಬೇರೆ ತೆಗೆದಿಟ್ಟ ಲೋಟದಲ್ಲಿ ಚಹಾ ಕೊಟ್ಟ ಸರೋಜವ್ವನಿಗೆ. ಆ ಮನೆಯಲ್ಲಿ ಸರೋಜವ್ವನ ಮಾತೇ ಕಡೆಯ ಮಾತು. ಮಗ, ದಾನಿಯ ಅಪ್ಪ ಬಸವೇಶ, ತಾಯಿಯ ಎದುರು ಕೆಮ್ಮಲೂ ಅಪ್ಪಣೆ ಕೇಳುವಂಥವನು.

"ಸರೋಜವ್ವಾರ, ನಿಮ್ಮ ಹಿತ್ತಲ ಮಾವಿನ ಗಿಡ ಹೊತ್ತಲ್ಲದ ಹೊತ್ತಿನ್ಯಾಗ ಹೂ ಬಿಟ್ರ ಏನಂತೀರಿ?" ಎಂದು ಕೇಳಿದಳು ಜಯಶ್ರೀ.

"ಬೇರಿಗಿ ಹುಳ ಹತ್ತೈತಿ ಅಂತೇನಿ."

"ಮತ್ತ ಇದಕ್ಕ ಯಾಕ ಆರತಿ ಮಾಡಾಕ ಹೊಂಟೀರಿ?"

ಸರೋಜವ್ವ ಕೈಯೊಳಗಿನ ಉಂಡೆಯನ್ನು ಕೆಳಗಿಟ್ಟು ಪಾತ್ರೆಯನ್ನು ದೂರ ಸರಿಸಿದಳು. ಸುಧಾರಾಣಿ ಬಾಗಿಲ ಹಿಂದೆ ಅಳತೊಡಗಿದಳು. ಜಯಶ್ರೀ ಚನ್ನೇಶನ ಕೈಯಿಂದ ಹಸಿರು ಸೀರೆ ಇಸಿದುಕೊಂಡು ಮಡಿಸಿ ಸುಧಾರಾಣಿಗೆ ಕೊಟ್ಟಳು. "ಇದನ್ನ ಟ್ರಂಕಿನ್ಯಾಗ ಇಡು. ಹೊತ್ತಿಗಿ ಸರಿಯಾಗಿ ಉಡಸೋಣು. ಅವತ್ತ ನಾನ ಮುಂದ ನಿಂತು ಆರತಿ ಹಿಡಿತೇನಿ."

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಆಕೆಯೇ ಜೊತೆಗೆ ಹೋದಳು. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ, ಪಿಟ್ಯುಟರಿ ಎಂದು ಅದರ ಹೆಸರು. ಮೈ ಎಷ್ಟು ಬೆಳೆಯಬೇಕು, ಯಾವಾಗ ನೆರೆಯಬೇಕು, ಜ್ವರ ಬಂದಾಗ ತಡೆದುಕೊಳ್ಳುವ ಕಸುವು ಎಲ್ಲಿಂದ ಬರಬೇಕು ಎಂಬುದನ್ನೆಲ್ಲ ನಡೆಸುವ ಯಜಮಾನ ಅದು. ದಾನಿಗೆ ಅದರ ಪಕ್ಕದಲ್ಲೇ ಗಡ್ಡೆ ಬೆಳೆದಿತ್ತು. ಡಾಕ್ಟರರು ಗಡ್ಡೆ ತೆಗೆದರು. ಹುಡುಗಿ ಬದುಕಿದಳು, ಕಣ್ಣು ಉಳಿಯಿತು, ಹೊತ್ತಲ್ಲದ ಮುಟ್ಟು ನಿಂತಿತು. ಆದರೆ ಗ್ರಂಥಿ ಸತ್ತಿತ್ತು. ಅದು ಮಾಡುವ ಕೆಲಸವನ್ನು ಇನ್ನು ಜೀವ ಇರುವ ತನಕ ಮಾತ್ರೆಗಳೇ ಮಾಡಬೇಕಿತ್ತು.

ಆ ಮಾತ್ರೆಗಳನ್ನು ಕೊಡುವ ಬಗೆಯನ್ನು ಮನೆಯವರಿಗೆ ಕಲಿಸುವ ಕೆಲಸ ಜಯಶ್ರೀಯ ಪಾಲಿಗೆ ಬಂತು. ಅಡಿಗೆಮನೆಯಲ್ಲಿ ಕುಳಿತು ಸುಧಾರಾಣಿಗೂ ಸರೋಜವ್ವನಿಗೂ ಮತ್ತೆ ಮತ್ತೆ ಹೇಳಿದಳು. "ಒಂದಿನ ಸಾರಿಗಿ ಉಪ್ಪು ತಪ್ಪಬಹುದು, ಈ ಗುಳಿಗಿ ತಪ್ಪಬಾರದು. ಜ್ವರ ಬಂದ್ರ ಎರಡರಷ್ಟು ಕೊಡಬೇಕು. ವಾಂತಿ ಆತಂದ್ರ ನನಗ ಫೋನ್ ಮಾಡ್ರಿ, ಇಂಜೆಕ್ಷನ್ ಕೊಡಬೇಕಾಗ್ತೈತಿ. ಗುಳಿಗಿ ನಿಂತ್ರ ಹುಡುಗಿ ಮೊದಲ ಮಂಕಾಗ್ತಾಳ, ಮೈ ತಣ್ಣಗ ಬೆವರತೈತಿ, ಆಮ್ಯಾಲ ಏಳಂಗಿಲ್ಲ." ಶ್ರಾವಣ ಸೋಮವಾರದ ಉಪವಾಸಕ್ಕೂ ನಿಲ್ಲಿಸಬಾರದು, ಬೀಗರ ಮನೆಗೆ ಹೋದರೂ ನಿಲ್ಲಿಸಬಾರದು, ಮನೆಯಲ್ಲಿ ಸಾವಾದರೂ ನಿಲ್ಲಿಸಬಾರದು ಎಂದು ಒಂದೊಂದನ್ನೂ ಬಿಡಿಸಿ ಹೇಳಿದಳು.

ಒಂದನ್ನು ಹೇಳಲಿಲ್ಲ. ಅವ್ವ ಬಂದಾಗಲೂ ನಿಲ್ಲಿಸಬಾರದು ಎಂದು ಹೇಳಲಿಲ್ಲ. ಮರೆತಿರಲಿಲ್ಲ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆರೋಗ್ಯವಾಗಿರುವ ಮನೆಯಲ್ಲಿ ಅವ್ವನ ಬರುವಿಕೆಯ ಮಾತೆತ್ತಿದರೆ ಅವಳನ್ನು ಕರೆದಂತೆ. ಗುತ್ತೆವ್ವನ ಮಗಳಿಗೆ ಅದು ಗೊತ್ತಿತ್ತು, ಎದುರು ಕುಳಿತ ಸರೋಜವ್ವನಿಗೂ ಗೊತ್ತಿತ್ತು. ದೀಪ ಹಚ್ಚುವ ಹೊತ್ತು ಬೇರೆ. ಜಯಶ್ರೀ ಆ ಮಾತನ್ನು ನುಂಗಿಕೊಂಡು ಚಹಾ ಕುಡಿದಳು.

ಚಹಾ ಈಗ ಮನೆಮಂದಿಯ ಲೋಟದಲ್ಲೇ ಬರುತ್ತಿತ್ತು. ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಒಂದು ದಿನ ದೇವರ ಜಗಲಿಯ ತನಕ ಆಕೆಯನ್ನು ಕರೆದೊಯ್ದು ಸರೋಜವ್ವ ಉಡಿ ತುಂಬಿದಳು. ಮೊಮ್ಮಗಳ ಜೀವ ಉಳಿಸಿದವಳಿಗೆ ಅಷ್ಟಾದರೂ ಮಾಡಬೇಕಲ್ಲ. ಮಾಸೂರಿಗೆ ಹೋದಾಗ ಜಯಶ್ರೀ ತಾಯಿಯೆದುರು ಆ ಉಡಿಯ ಅಕ್ಕಿ ಸುರಿದಳು. ಗುತ್ತೆವ್ವ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಜಯಶ್ರೀಗೆ ಆ ಮನೆಯ ಮೇಲೆ ಎಂಥ ಜೀವವಿತ್ತೆಂದು ಇದರಿಂದಲೇ ತಿಳಿದುಕೊಳ್ಳಬಹುದು.

ಎರಡು ವರ್ಷ ಸುಖವಾಗಿ ಹೋದವು. ದಾನಿ ಶಾಲೆಗೆ ಹೋದಳು, ಮುಂದಿನ ಸಾಲಿನಲ್ಲಿ ಕುಳಿತು ಬೋರ್ಡ್ ಓದಿದಳು. ಮಾತ್ರೆಗೆ "ಸಿಸ್ಟರ್ ಗುಳಿಗಿ" ಎಂದು ಹೆಸರಿಟ್ಟಳು. ಸ್ಕೂಟಿಯ ಸದ್ದು ಕೇಳಿದರೆ ಓಡಿಬಂದು, ನಾಲಿಗೆ ಚಾಚಿ ನುಂಗಿದ್ದನ್ನು ತೋರಿಸುವಳು. ದಾನಿಗೆಂದೇ ಒಂದು ಇಂಜೆಕ್ಷನ್ ಜಯಶ್ರೀಯ ಹೆಗಲ ಚೀಲದಲ್ಲಿ ಸದಾ ಇರುತ್ತಿತ್ತು.

"ಸಿಸ್ಟರ್, ನನ್ನ ಹಸರ ಸೀರಿ ಯಾವಾಗ ತಗೀತೀರಿ?" ಎಂದು ಕೇಳುವಳು.

"ಅಷ್ಟ ಅವಸರ ಯಾಕ? ಇನ್ನ ಐದಾರು ವರ್ಷ ತಡಿ. ಡಾಕ್ಟರ್ ಆಗ ಬ್ಯಾರೆ ಗುಳಿಗಿ ಕೊಡ್ತಾರ, ಆಗ ದೊಡ್ಡಾಕಿ ಆಗೀ."

"ನೀವ ಬರಬೇಕು ಮತ್ತ ಆರತಿಗೆ."

"ನಾ ಬರಲಾರದ ಯಾರ ಬರ್ತಾರ" ಎನ್ನುವಳು ಜಯಶ್ರೀ.

ಹೋದ ಬೇಸಿಗೆ, ಯುಗಾದಿ ಕಳೆದ ಮೇಲೆ, ಆ ಊರಿನ ಮಕ್ಕಳಿಗೆ ಒಬ್ಬರಾದ ಮೇಲೊಬ್ಬರಿಗೆ ನೀರುಗುಳ್ಳೆ ಎದ್ದವು. ಜಯಶ್ರೀ ಆ ವಾರ ರಜೆಯ ಮೇಲಿದ್ದ ಹುಲಗೂರಿನ ಸಿಸ್ಟರ್ ಕೆಲಸವನ್ನೂ ನೋಡುತ್ತಿದ್ದಳು, ಆ ಕಡೆ ಸುಳಿದಿರಲಿಲ್ಲ. ಮನೆಯವರೂ ಫೋನ್ ಮಾಡಲಿಲ್ಲ. ಅವ್ವ ಮನೆಯಲ್ಲಿರುವಾಗ ನರ್ಸಿಗೆ ಫೋನ್ ಮಾಡುವುದೆಂದರೆ ಅತಿಥಿಯ ಎದುರು ಪೊರಕೆ ಹಿಡಿದಂತೆ. ಗುರುವಾರ ಬೆಳಿಗ್ಗೆ ಹುಲಗೂರಿನ ಲಸಿಕೆಗೆ ಹೊರಟವಳು, ಒಮ್ಮೆ ದಾನಿಯನ್ನು ನೋಡಿ ಹೋಗೋಣವೆಂದು ಸ್ಕೂಟಿ ತಿರುಗಿಸಿದಳು.

ಬಾಗಿಲಿಗೆ ಬೇವು ಕಟ್ಟಿತ್ತು. ಹೊಸ್ತಿಲು ಸಗಣಿಯಿಂದ ಸಾರಿಸಿತ್ತು. ಜಯಶ್ರೀ ತನಗೇ ತಿಳಿಯದಂತೆ ಚಪ್ಪಲಿ ಬಿಚ್ಚಿ, ಕೈಮುಗಿದು ಅಂಗಳದಲ್ಲೇ ನಿಂತಳು.

ಸರೋಜವ್ವ ಒಳಗಿನಿಂದ ಬಂದು ಹೊಸ್ತಿಲ ಆ ಕಡೆ ನಿಂತಳು. ಕೈಯಲ್ಲಿ ಬೇವಿನ ಟೊಂಗೆ. "ಅವ್ವ ದಯಮಾಡಿಸ್ಯಾಳ್ರಿ ಸಿಸ್ಟರ್. ಇವತ್ತಿಗಿ ನಾಕ ದಿನಾ ಆತು. ಒಳಗ ಕರಿಯಾಕ ಬರೂದಿಲ್ಲ, ತಪ್ಪ ತಿಳಕೋಬ್ಯಾಡ್ರಿ."

"ದಾನಿ ಹೆಂಗ ಅದಾಳ್ರಿ?"

"ಮೊನ್ನಿ ಜ್ವರ ಭಾಳ ಇದ್ದೂ. ರಾತ್ರಿ ಒಮ್ಮೆ ವಾಂತಿ ಮಾಡ್ಕೊಂಡ್ಲು. ಈಗ ಜ್ವರ ಇಳದಾವು, ಮೈ ತಣ್ಣಗಾಗೇತಿ. ಅವ್ವ ಶಾಂತ ಆಗ್ಯಾಳ. ಸುಮ್ನ ಮಲಗೇತಿ ಕೂಸು."

"ಗುಳಿಗಿ..." ಎಂದಳು ಜಯಶ್ರೀ. ಅವ್ವನಿರುವ ಬಾಗಿಲಲ್ಲಿ ಆ ಶಬ್ದವನ್ನು ಪೂರ್ತಿ ಆಡಲು ನಾಲಿಗೆ ಹಿಂಜರಿಯಿತು.

"ಎಲ್ಲಾ ಅವ್ವನ ಕೈಯಾಗ ಇಟ್ಟೇವ್ರಿ" ಎಂದಳು ಸರೋಜವ್ವ.

ಫಕ್ಕೀರೇಶನ ಕಾಲದಲ್ಲಿ ಜಯಶ್ರೀಯೂ ಕೇಳಿದವರಿಗೆಲ್ಲ ಇದೇ ಉತ್ತರ ಕೊಟ್ಟಿದ್ದಳು. ಅದರ ಅರ್ಥ ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಆಕೆಯ ಕಾಲು ಏಳಲಿಲ್ಲ. ಎರಡು ವರ್ಷ ಕಷ್ಟಪಟ್ಟು ಗಳಿಸಿದ ಮನೆ ಅದು. ಅವ್ವನ ಮಡಿ ಮುರಿದು ನುಗ್ಗಿದರೆ ನಾಳೆ ಮತ್ತೆ ಬೇರೆ ಲೋಟ, ಮತ್ತೆ ಪಡಸಾಲೆಯ ಅಂಚು. ಜ್ವರ ಇಳಿದಿದೆಯಂತೆ, ಸಂಜೆ ಬರುವಾಗ ಸುಧಾರಾಣಿಯನ್ನು ಹಿತ್ತಲಿಗೆ ಕರೆದು ಕೇಳಿದರಾಯಿತು ಎಂದುಕೊಂಡಳು. ಚಪ್ಪಲಿ ಮೆಟ್ಟಿದಳು. ಇಂಜೆಕ್ಷನ್ ಇದ್ದ ಚೀಲ ಹೆಗಲಲ್ಲೇ ಇತ್ತು.

ಹುಲಗೂರಿನಲ್ಲಿ ಹಸುಗೂಸುಗಳ ಸಾಲು. ಗುಲ್ನಾರ ಎಂಬ ಎಳೆಯ ತಾಯಿಯ ಕೂಸಿಗೆ ಲಸಿಕೆ ಹಾಕಲು ಜಯಶ್ರೀ ತೊಡೆ ಹಿಡಿದಳು. ಕೂಸಿನ ತೊಡೆ ಬೆಚ್ಚಗಿತ್ತು. ಆ ಬಿಸಿ ಅಂಗೈಗೆ ತಾಗಿದ್ದೇ ತಡ, ಸರೋಜವ್ವನ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ವಾಂತಿ. ಮೈ ತಣ್ಣಗಾಗೇತಿ. ಸುಮ್ನ ಮಲಗೇತಿ. ತಾನೇ ಆ ಅಡಿಗೆಮನೆಯಲ್ಲಿ ಕುಳಿತು ಬಿಡಿಸಿ ಬಿಡಿಸಿ ಹೇಳಿದ ಮಾತುಗಳು. ಹೇಳಿದವಳಿಗೇ ಬೆಳಿಗ್ಗೆ ಕೇಳಿಸಿರಲಿಲ್ಲ.

"ಯಾಕ್ರಿ ಸಿಸ್ಟರ್, ಸೂಜಿ ಹಾಕೂದಿಲ್ಲೇನ್ರಿ?" ಎಂದಳು ಗುಲ್ನಾರ.

ಜಯಶ್ರೀ ಸೂಜಿಯನ್ನು ಕೆಳಗಿಟ್ಟು ಎದ್ದಳು. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಸ್ಕೂಟಿ ಹತ್ತಿದಳು. ಸುಧಾರಾಣಿಗೆ ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ದಾರಿಯುದ್ದಕ್ಕೂ ಆಕೆ ಅವ್ವನನ್ನು ಬೇಡಿದಳು, ಬೈದಳು, ಮತ್ತೆ ಬೇಡಿದಳು. ನಾನು ಬರುವ ತನಕ ತಡಿ, ನನ್ನ ಮಗನನ್ನು ಬೇಕಾದರೆ ಇಟ್ಟುಕೋ ಎಂದು ಕೂಡ ಅಂದಳು. ಮಗನ ಮಾತು ಬಾಯಿಂದ ಹೊರಟದ್ದಕ್ಕೆ ನಾಲಿಗೆ ಕಚ್ಚಿಕೊಂಡಳು.

ಊರ ಓಣಿ ತಿರುಗುವಾಗಲೇ ಅಳುವ ದನಿ ಕೇಳಿಸಿತು.

ಈ ಸಲ ಚಪ್ಪಲಿ ಬಿಚ್ಚಲಿಲ್ಲ. ಬೇವಿನ ತೊಪ್ಪಲು ಮುಖಕ್ಕೆ ಬಡಿಯಿತು. ನಡುಮನೆಯಲ್ಲಿ ಕಂಬಳಿಯ ಮೇಲೆ ದಾನಿ ಮಲಗಿದ್ದಳು. ಜಯಶ್ರೀ ಆ ಪುಟ್ಟ ಮಣಿಕಟ್ಟು ಹಿಡಿದಳು, ಕೊರಳಲ್ಲಿ ಬೆರಳಿಟ್ಟಳು, ಎದೆಯ ಮೇಲೆ ಕೈಯೂರಿ ಒತ್ತಿದಳು. ಯಾರೋ ಬಿಡಿಸುವ ತನಕ ಒತ್ತುತ್ತಲೇ ಇದ್ದಳು. ಬಸವೇಶ ಗೋಡೆಗೆ ತಲೆ ಆನಿಸಿ ನಿಂತಿದ್ದ. ಎದುರಿಗೆ ದೇವರ ಜಗಲಿ. ತನ್ನನ್ನು ಕೂಡಿಸಿ ಉಡಿ ತುಂಬಿದ್ದ ಅದೇ ಜಗಲಿಯ ಮೇಲೆ, ಅವ್ವನ ಕಳಸದ ಮುಂದೆ, ಅರಿಶಿನ ಕುಂಕುಮ ಹಚ್ಚಿದ ಮಾತ್ರೆಯ ಹಾಳೆ ಇತ್ತು. ನಾಲ್ಕು ದಿನದಿಂದ ಒಂದು ಮಾತ್ರೆಯನ್ನೂ ಬಿಡಿಸಿರಲಿಲ್ಲ. ಅವ್ವನ ಕೈಯಲ್ಲಿ ಇಟ್ಟಿದ್ದೇವೆ ಎಂದಿದ್ದ ಸರೋಜವ್ವ ಸುಳ್ಳು ಹೇಳಿರಲಿಲ್ಲ.

ಸುಧಾರಾಣಿ ಬಂದು ಜಯಶ್ರೀಯ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿರಲಿಲ್ಲ. "ಸಿಸ್ಟರ್, ನೀವು ಖರೇ ಹೇಳ್ರಿ. ನಾವೇನರ ತಪ್ಪ ಮಾಡಿವೇನ್ರಿ?"

ಉತ್ತರ ಜಗಲಿಯ ಮೇಲೇ ಇತ್ತು. ಅದನ್ನು ಹೇಳಿದರೆ ಈ ತಾಯಿ ಬದುಕಿರುವಷ್ಟು ದಿನ ಪ್ರತಿ ತುತ್ತನ್ನೂ ಮಗಳನ್ನು ತಾನೇ ಕೊಂದೆ ಎಂದುಕೊಂಡು ಉಣ್ಣುತ್ತಾಳೆ. ಜಯಶ್ರೀ ಮಾತ್ರೆಯ ಹಾಳೆಗೆ ಬೆನ್ನು ಮಾಡಿ ನಿಂತಳು.

"ಇಲ್ಲವಾ. ನೀ ಏನೂ ತಪ್ಪ ಮಾಡಿಲ್ಲ."

"ಅವ್ವ ತನ್ನ ಕೂಸನ್ನ ತಾ ಕರಕೊಂಡ್ಲು" ಎಂದಳು ಸುಧಾರಾಣಿ. "ನೀವೂ ತಪ್ಪ ಮಾಡಿಲ್ರಿ. ಮುಂಜಾನಿ ಬಾಗ್ಲಾಗ ನಿಂತು ಅವ್ವನ ಮರ್ಯಾದಿ ಉಳಿಸಿದ್ರಂತ, ಅತ್ತಿ ಹೇಳಿದ್ರು. ಬ್ಯಾರೆಯವ್ರಾಗಿದ್ರ ಒಳಗ ನುಗ್ಗಿರ್ತಿದ್ರು. ನಿಮ್ಮ ಉಪಕಾರ ನಾವು ಮರಿಯೂದಿಲ್ಲ."

ಆ ಉಪಕಾರದ ಮಾತು ಜಯಶ್ರೀಯ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿದಿದೆ. ಬೈದಿದ್ದರೆ, ಹೊಡೆದಿದ್ದರೆ ಆಕೆ ಸುಖವಾಗಿರುತ್ತಿದ್ದಳು. ಮಾರೆಪ್ಪನಿಗೆ ಎಲ್ಲವನ್ನೂ ಹೇಳಿದ್ದಾಳೆ. ತಾಯಿ ಗುತ್ತೆವ್ವನಿಗೆ ಮಾತ್ರ ಹೇಳಿಲ್ಲ. ಹೇಳಿದರೆ ಆ ಮುದುಕಿ ತಾನು ಕೊಟ್ಟ ಬುದ್ಧಿಮಾತನ್ನು ನೆನೆದು ಉಣ್ಣುವುದನ್ನೇ ಬಿಟ್ಟಾಳು. ಬೇವು ಕಟ್ಟಿದ ಬಾಗಿಲಿಗೆ ನುಗ್ಗುವ ಚಾಳಿ ಸುರುವಾದದ್ದು ಆ ಮೇಲಿನಿಂದ. ಒಳಗೆ ಹೋಗಿ ಮಗುವಿನ ಮೈ ಮುಟ್ಟಿ ನೋಡದೆ ಆಕೆ ಹೊರಗೆ ಬರುವುದಿಲ್ಲ, ಯಾರು ಏನೇ ಆಡಿಕೊಳ್ಳಲಿ.

ಆ ದಿನ ಮಣ್ಣಿಗೆ ಒಯ್ಯುವ ಮುಂಚೆ ಸುಧಾರಾಣಿ ಟ್ರಂಕು ತೆಗೆದು ಚನ್ನೇಶ ತಂದಿದ್ದ ಹಸಿರು ಸೀರೆಯನ್ನು ಹೊರಗೆಳೆದಳು. ಮಡಿಕೆ ಇನ್ನೂ ಜಯಶ್ರೀ ಹಾಕಿದ್ದೇ ಇತ್ತು. ಒಂಬತ್ತು ವರ್ಷದ ಹುಡುಗಿಗೆ ಅದು ಎರಡು ಸುತ್ತು ಹೆಚ್ಚಾಯಿತು. ಸೀರೆ ಸುತ್ತಿ, ಗೋಡೆಗೆ ಒರಗಿಸಿ ಕೂಡಿಸಿದರು. ಹೆಂಗಸರೆಲ್ಲ ಹಿಂದೆ ಸರಿದರು. ಸರೋಜವ್ವ ದೇವರ ಜಗಲಿಯಿಂದ ಆರತಿ ತಟ್ಟೆ ತಂದು ಜಯಶ್ರೀಯ ಮುಂದೆ ಹಿಡಿದಳು.

"ನೀವ ಹಿಡಿತೇನಿ ಅಂದಿದ್ರಿ" ಎಂದಳು ಸುಧಾರಾಣಿ.

ಜಯಶ್ರೀ ತಟ್ಟೆ ತೆಗೆದುಕೊಂಡಳು. ಬತ್ತಿ ಹಚ್ಚಿ ದಾನಿಯ ಮುಖದ ಮುಂದೆ ಎತ್ತಿ ಇಳಿಸಿದಳು. ಆರತಿಯ ಹಾಡನ್ನು ಯಾರೂ ಎತ್ತಿಕೊಳ್ಳಲಿಲ್ಲ. ತಟ್ಟೆ ಕೆಳಗಿಟ್ಟು ಹಣೆಗೆ ಕುಂಕುಮ ಹಚ್ಚುವಾಗ ಬೆರಳಿಗೆ ಆ ತಣ್ಣನೆಯ ಮೈ ತಾಗಿತು. ಬೆಳಿಗ್ಗೆ ಒಳಗೆ ಬಂದು ಇಷ್ಟು ಮುಟ್ಟಿ ನೋಡಿದ್ದರೆ ಸಾಕಿತ್ತು.